ಧ್ರುವವೃತ್ತದಾಚೆಯ ಊರುಗಳಲ್ಲಿ ಬಿಸಿಲಿನ ಅಳತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯ ಕಿರುಟಿಪ್ಪಣಿಯೊಂದರಲ್ಲಿ, ಕೆನಡಾದ ಯೂಕಾನ್ ಪ್ರದೇಶದ ಓಲ್ಡ್ ಕ್ರೋ ಎಂಬ ಊರಿನವರು 2021ರಲ್ಲಿ ತಮ್ಮದೇ ಒಡೆತನದ ಸೌರ ವಿದ್ಯುತ್ ಸ್ಥಾವರವನ್ನು ಆರಂಭಿಸಿದ ಸಂಗತಿಯನ್ನು ಬರೆದಿದ್ದೆವು. ಆರ್ಕ್ಟಿಕ್ ವೃತ್ತಕ್ಕಿಂತ ಉತ್ತರದಲ್ಲಿರುವ ಊರಿಗೆ ಬಿಸಿಲಿನಿಂದ ಕರೆಂಟು ಎಂಬುದೂ, ಅದಕ್ಕೆ ಮೊದಲು ಅಲ್ಲಿನ ಬಿಸಿಲನ್ನು ಅಳೆಯಬೇಕು ಎಂಬುದೂ ಅನೇಕರ ಕುತೂಹಲ ಕೆರಳಿಸಿವೆ. ಬಂದ ಪತ್ರಗಳಲ್ಲಿ ಒಂದೇ ತೆರನಾದವುಗಳನ್ನು ಸೇರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಚಳಿಗಾಲದಲ್ಲಿ ಸೂರ್ಯನೇ ಹುಟ್ಟದ ಊರಿನಲ್ಲಿ ಸೌರ ಫಲಕ ಹಾಕುವುದೇ ವಿಚಿತ್ರ, ಅದಕ್ಕಾಗಿ ವರ್ಷಗಟ್ಟಲೆ ಬಿಸಿಲನ್ನು ಅಳೆಯುತ್ತ ಕೂರುವುದು ಇನ್ನೂ ವಿಚಿತ್ರ. ನಮ್ಮ ಪಾವಗಡದಂಥ ಕಡೆ ಅಳೆದರೆ ಅರ್ಥವುಂಟು. ಅಲ್ಲಿ ಅಳೆಯುವುದಕ್ಕೆ ಏನಿದೆ?
– ಭೌತಶಾಸ್ತ್ರ ಉಪನ್ಯಾಸಕರು, ತುಮಕೂರು

ಉತ್ತರ: 2,050 ಮೆಗಾವಾಟ್‌ನ ಪಾವಗಡ ಸೌರ ಉದ್ಯಾನವನ್ನು ಕಂಡವರಿಗೆ ಈ ಸಂಶಯ ಬರುವುದು ಸಹಜವೇ. ಆದರೆ ಭೂಮಿಯ ಮೇಲಿನ ಯಾವ ಊರೇ ಆಗಲಿ, ಇಡೀ ವರ್ಷದಲ್ಲಿ ಅದಕ್ಕೆ ದೊರೆಯುವ ಹಗಲಿನ ಒಟ್ಟು ಗಂಟೆಗಳು ಹೆಚ್ಚುಕಡಿಮೆ ಒಂದೇ. ನಮಗೆ ಆ ಗಂಟೆಗಳು ದಿನದಿನವೂ ಸಮನಾಗಿ ಸಿಗುತ್ತವೆ, ಅವರಿಗೆ ಬೇಸಗೆಯಲ್ಲಿ ಒಟ್ಟಾಗಿ ಸಿಗುತ್ತವೆ. ಜೂನ್ 21ರ ಸುಮಾರಿಗೆ ವಾತಾವರಣದ ಹೊರ ಅಂಚಿನಲ್ಲಿ ಒಂದು ಚದರ ಮೀಟರ್ ಸಮತಲಕ್ಕೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬೀಳುವ ಶಕ್ತಿಯನ್ನು ಲೆಕ್ಕ ಹಾಕಿದರೆ ಭೂಮಧ್ಯರೇಖೆಯ ಮೇಲೆ ಸುಮಾರು 9.2 ಕಿಲೋವಾಟ್ ಗಂಟೆ ಬರುತ್ತದೆ, ಉತ್ತರ ಧ್ರುವದ ಮೇಲೆ ಸುಮಾರು 12.6 ಬರುತ್ತದೆ. ಅಂದು ಸೂರ್ಯ ಅಲ್ಲಿ ಮುಳುಗುವುದೇ ಇಲ್ಲವಾದ್ದರಿಂದ ಎತ್ತರದ ಕೊರತೆಯನ್ನು ಅವಧಿಯೇ ತುಂಬಿಕೊಡುತ್ತದೆ.

ನೆಲಕ್ಕೆ ಬರುವಷ್ಟರಲ್ಲಿ ಈ ಚಿತ್ರ ಬದಲಾಗುತ್ತದೆ, ಏಕೆಂದರೆ ತಗ್ಗಿನಲ್ಲಿರುವ ಸೂರ್ಯನ ಬೆಳಕು ವಾತಾವರಣವನ್ನು ಓರೆಯಾಗಿ ಹಾದುಬರಬೇಕು. ಸೂರ್ಯ ನಡುನೆತ್ತಿಯಲ್ಲಿದ್ದಾಗ ಹಾದುಬರುವ ಗಾಳಿಯ ದಪ್ಪವನ್ನು ಒಂದು ಎಂದು ಹಿಡಿದರೆ, 30 ಡಿಗ್ರಿ ಎತ್ತರದಲ್ಲಿ ಅದು ಎರಡಾಗುತ್ತದೆ, 10 ಡಿಗ್ರಿಯಲ್ಲಿ ಐದೂವರೆ ದಾಟುತ್ತದೆ, 5 ಡಿಗ್ರಿಯಲ್ಲಿ ಹತ್ತನ್ನು ಮೀರುತ್ತದೆ. ಬೆಂಗಳೂರಿನಲ್ಲಿ ಜೂನ್ 21ರ ಮಧ್ಯಾಹ್ನ ಸೂರ್ಯ ಸುಮಾರು 79 ಡಿಗ್ರಿ ಎತ್ತರದಲ್ಲಿದ್ದರೆ, ಓಲ್ಡ್ ಕ್ರೋದಲ್ಲಿ ಅದೇ ದಿನ 46 ಡಿಗ್ರಿಗಿಂತ ಮೇಲೇರುವುದಿಲ್ಲ. ನಡುರಾತ್ರಿಯಲ್ಲಾದರೋ ದಿಗಂತದಿಂದ ಬರೀ ಒಂದು ಡಿಗ್ರಿ ಮೇಲಿರುತ್ತಾನೆ. ಇನ್ನು ಡಿಸೆಂಬರ್ ನಡುವಿನಿಂದಾಚೆಗೆ ಕೆಲವು ದಿನ ಅವನು ಮೇಲೆ ಬರುವುದೇ ಇಲ್ಲ, ಅದರ ಹಿಂದುಮುಂದಿನ ವಾರಗಳಲ್ಲಿ ಬಂದರೂ ಲೆಕ್ಕಕ್ಕಿಲ್ಲ.

ಹೀಗಿದ್ದೂ ಅಳೆಯುವುದೇಕೆಂದರೆ, ಅಲ್ಲಿ ಪರ್ಯಾಯವೆಂದರೆ ಡೀಸೆಲ್ ಒಂದೇ. ಇನ್ನೂರೈವತ್ತರ ಆಸುಪಾಸಿನ ಜನಸಂಖ್ಯೆಯ ಓಲ್ಡ್ ಕ್ರೋಗೆ ವರ್ಷವಿಡೀ ಬಳಕೆಯಲ್ಲಿರುವ ರಸ್ತೆಯಿಲ್ಲ. ಊರಿನ ಜನರೇಟರ್‌ಗಳು ಕುಡಿಯುವ ಡೀಸೆಲ್ ವಿಮಾನದಲ್ಲಿ ಬರಬೇಕು. ಕೆನಡಾದ ನೂನಾವುತ್ ಪ್ರದೇಶದ 25 ಊರುಗಳಿಗೂ ಹೊರಗಿನ ವಿದ್ಯುತ್ ಜಾಲದ ಸಂಪರ್ಕವಿಲ್ಲ. ಸಮುದ್ರದ ಹಿಮಗಡ್ಡೆ ಕರಗಿದ ಕೆಲವೇ ತಿಂಗಳಲ್ಲಿ ಹಡಗು ತಂದು ಸುರಿದ ಎಣ್ಣೆಯಲ್ಲಿ ಅವು ವರ್ಷ ಕಳೆಯಬೇಕು. ಇಂಥ ಕಡೆ ಒಂದು ಲೀಟರ್ ಉಳಿದರೂ ಅದರ ಬೆಲೆ ನಮ್ಮ ಪೆಟ್ರೋಲ್ ಬಂಕಿನ ದರಕ್ಕೆ ಹೋಲಿಸುವಂಥದ್ದಲ್ಲ. ಪಾವಗಡದಲ್ಲಿ ಬಿಸಿಲಿನ ಅಂದಾಜು ಶೇಕಡಾ ಐದರಷ್ಟು ತಪ್ಪಿದರೆ ಕಂಪನಿಯ ಲಾಭ ಕಡಿಮೆಯಾಗುತ್ತದೆ, ಕೊರತೆಯನ್ನು ರಾಜ್ಯದ ಜಾಲ ಬೇರೆ ಕಡೆಯಿಂದ ತುಂಬುತ್ತದೆ. ಅಲ್ಲಿ ಊರಿಗೆ ಇರುವುದು ಒಂದೇ ವಿದ್ಯುತ್ ಕೇಂದ್ರ. ಅಂದಾಜು ತಪ್ಪಿದರೆ ಊರಿನ ಬ್ಯಾಟರಿ ಖಾಲಿ ಕೂರುತ್ತದೆ, ಎಣ್ಣೆಯ ಲೆಕ್ಕ ಏರುಪೇರಾಗುತ್ತದೆ. ಆದ್ದರಿಂದ ಅಳತೆ ಎಲ್ಲಿ ಅತಿ ಕಷ್ಟವೋ ಅಲ್ಲಿಯೇ ಅದು ಅತಿ ನಿಖರವಾಗಿರಬೇಕು ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ಇದರ ಕಾರಣಗಳು ತಿಳಿಯುತ್ತವೆ.

ಪ್ರಶ್ನೆ: ನಾಸಾ ಮುಂತಾದ ಸಂಸ್ಥೆಗಳು ಜಗತ್ತಿನ ಯಾವ ಮೂಲೆಯ ಸೌರ ವಿಕಿರಣದ ಅಂಕಿಅಂಶವನ್ನಾದರೂ ಉಚಿತವಾಗಿ ಕೊಡುತ್ತವೆ. ನಾನು ಮನೆಗಳ ಚಾವಣಿಗೆ ಫಲಕ ಜೋಡಿಸುವ ಕೆಲಸದಲ್ಲಿ ಅದನ್ನೇ ಬಳಸುತ್ತೇನೆ, ತೊಂದರೆಯಾಗಿಲ್ಲ. ಅಲ್ಲಿನವರೇಕೆ ಕಂಬ ನೆಟ್ಟು ಉಪಕರಣ ಇಡಬೇಕು?
– ಸೌರ ಫಲಕ ಗುತ್ತಿಗೆದಾರರು, ಹುಬ್ಬಳ್ಳಿ

ಉತ್ತರ: ಹುಬ್ಬಳ್ಳಿಯಲ್ಲಿ ತಮಗೆ ತೊಂದರೆಯಾಗದಿರುವುದಕ್ಕೆ ಕಾರಣ, ಹುಬ್ಬಳ್ಳಿ ಉಪಗ್ರಹಗಳ ಕಣ್ಣಿಗೆ ಚೆನ್ನಾಗಿ ಬೀಳುವ ಜಾಗದಲ್ಲಿದೆ. ಬಿಸಿಲಿನ ಅಂದಾಜಿಗೆ ಹೆಚ್ಚು ನೆರವಾಗುವುದು ಭೂಮಧ್ಯರೇಖೆಯ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಒಂದೇ ಭಾಗವನ್ನು ಹಗಲೆಲ್ಲ ನೋಡುತ್ತಿರುವ ಭೂಸ್ಥಿರ ಉಪಗ್ರಹಗಳು. ನಮ್ಮ ಇನ್ಸಾಟ್ ಸರಣಿ ಆ ಬಗೆಯದು. ಅಲ್ಲಿಂದ ಉತ್ತರಕ್ಕೆ ಹೋದಂತೆಲ್ಲ ನೋಟ ಓರೆಯಾಗುತ್ತದೆ. ಯೂರೋಪಿನ ಮೆಟಿಯೋಸ್ಯಾಟ್ ಚಿತ್ರಗಳಿಂದ ತಯಾರಿಸಿದ ಪ್ರಸಿದ್ಧ ಬಿಸಿಲಿನ ದತ್ತಾಂಶ 65 ಡಿಗ್ರಿ ಅಕ್ಷಾಂಶಕ್ಕೇ ನಿಲ್ಲುತ್ತದೆ; ಓಲ್ಡ್ ಕ್ರೋ ಇರುವುದು 67 ಡಿಗ್ರಿ 34 ನಿಮಿಷದಲ್ಲಿ. ಅದರಾಚೆಗೆ ಧ್ರುವಗಳ ಮೇಲೆ ಹಾದುಹೋಗುವ ಉಪಗ್ರಹಗಳನ್ನು ನಂಬಬೇಕು. ಅವು ಒಂದು ಜಾಗವನ್ನು ಎಡೆಬಿಡದೆ ನೋಡುವುದಿಲ್ಲ, ಹಾದುಹೋಗುವಾಗ ನೋಡುತ್ತವೆ ಅಷ್ಟೆ.

ಇದಕ್ಕಿಂತ ದೊಡ್ಡ ತೊಡಕು ಹಿಮದ್ದು. ಮೇಲಿನಿಂದ ನೋಡಿದಾಗ ಮೋಡ ಬಿಳಿ, ಕೆಳಗಿನ ನೆಲ ಕಪ್ಪು ಎಂಬ ವ್ಯತ್ಯಾಸದ ಮೇಲೆಯೇ ಮೋಡ ಗುರುತಿಸುವ ಲೆಕ್ಕ ಬಹುಮಟ್ಟಿಗೆ ನಿಂತಿದೆ. ನೆಲವೂ ಬಿಳಿಯಾದಾಗ ಆ ಲೆಕ್ಕ ತತ್ತರಿಸುತ್ತದೆ: ಹಿಮ ಹೊದ್ದ ಬಯಲಿನ ಮೇಲೆ ಆಕಾಶ ತಿಳಿಯಾಗಿದ್ದರೂ ಮೋಡವೆಂದು ಬರೆದುಕೊಳ್ಳಬಹುದು, ತೆಳುಮೋಡ ಕವಿದಿದ್ದರೂ ತಿಳಿ ಆಕಾಶವೆಂದುಕೊಳ್ಳಬಹುದು. ಉಷ್ಣತೆಯ ವ್ಯತ್ಯಾಸ ತೋರಿಸುವ ಅವಗೆಂಪು ತರಂಗಗಳಿಂದ ಸ್ವಲ್ಪ ಸಹಾಯವಾಗುತ್ತದೆಯಾದರೂ ಆರ್ಕ್ಟಿಕ್‌ನಲ್ಲಿ ನೆಲವೂ ಮೋಡವೂ ಒಂದೇ ಸಮನೆ ತಣ್ಣಗಿರುವ ದಿನಗಳು ಬೇಕಾದಷ್ಟಿವೆ. ಹವಾಮಾನ ಮಾದರಿಗಳಿಂದ ಪಡೆದ ಅಂದಾಜುಗಳಿಗೂ ಮಿತಿಯುಂಟು. ಯೂರೋಪಿನ ಹವಾಮಾನ ಕೇಂದ್ರದ ಈಆರ್‌ಎ5 ದತ್ತಾಂಶದ ಒಂದೊಂದು ಚೌಕ ಸುಮಾರು 31 ಕಿಲೋಮೀಟರ್ ಅಗಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮಂಜು ಕವಿದ ಸಮುದ್ರವಿರುವ ಊರು ಆ ಚೌಕದೊಳಗೆ ಕಳೆದುಹೋಗುತ್ತದೆ.

ಆದ್ದರಿಂದ ಯೋಜನೆಗೆ ಮುನ್ನ ಕನಿಷ್ಠ ಒಂದು ಪೂರ್ಣ ವರ್ಷ ಊರಿನಲ್ಲೇ ಅಳೆದು, ಆ ಅಳತೆಯನ್ನು ಉಪಗ್ರಹ ಮತ್ತು ಮಾದರಿಗಳ ಹಲವು ವರ್ಷಗಳ ಅಂದಾಜಿನೊಂದಿಗೆ ತಾಳೆ ನೋಡಿ, ಅಂದಾಜಿನ ಓರೆಯನ್ನು ತಿದ್ದಿಕೊಳ್ಳುವುದು ಒಳ್ಳೆಯ ಕ್ರಮ. ಉಪಗ್ರಹದ ಲೆಕ್ಕವನ್ನು ಪೂರ್ತಿ ಎಸೆಯಬೇಕಾಗಿಲ್ಲ. ಒಂದು ವರ್ಷ ಮೋಡ ಹೆಚ್ಚಿರಬಹುದು, ಮುಂದಿನ ವರ್ಷ ಕಡಿಮೆಯಿರಬಹುದು. ಆ ಏರಿಳಿತ ತಿಳಿಯುವುದು ದೀರ್ಘಾವಧಿಯ ದತ್ತಾಂಶದಿಂದಲೇ.

ಪ್ರಶ್ನೆ: ಬಿಸಿಲನ್ನು ಅಳೆಯುವ ಪೈರನೋಮೀಟರ್ ಹೇಗೆ ಕೆಲಸ ಮಾಡುತ್ತದೆ? ವಿಪರೀತ ಚಳಿಯಲ್ಲಿ ಅದು ಸರಿಯಾದ ಅಳತೆ ಕೊಡುತ್ತದೆಯೆ? ದಯವಿಟ್ಟು ವಿವರವಾಗಿ ತಿಳಿಸಿ.
– ಸ್ನಾತಕೋತ್ತರ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪೈರನೋಮೀಟರ್ ನೋಡಲು ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಗುಂಡು ಡಬ್ಬಿ. ಅದರ ನೆತ್ತಿಯ ಮೇಲೆ ಒಂದರೊಳಗೊಂದು ಕೂತ ಎರಡು ಗಾಜಿನ ಗುಮ್ಮಟಗಳು, ಅವುಗಳ ಕೆಳಗೆ ಕಪ್ಪು ಬಳಿದ ಸಣ್ಣ ಬಿಲ್ಲೆ. ಬೆಳಕು ಬಿದ್ದಾಗ ಬಿಲ್ಲೆ ಬಿಸಿಯಾಗುತ್ತದೆ. ಅದಕ್ಕೂ ಡಬ್ಬಿಯ ಮೈಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಬಿಲ್ಲೆಯ ಅಡಿಯಲ್ಲಿರುವ ಥರ್ಮೋಪೈಲ್ ಎಂಬ ಲೋಹದ ಸಂದುಗಳ ಸಾಲು ವಿದ್ಯುತ್ ಒತ್ತಡವನ್ನಾಗಿ ಬದಲಿಸುತ್ತದೆ. ಬರುವ ಸಂಕೇತ ಅತ್ಯಲ್ಪ. ಒಂದು ಚದರ ಮೀಟರ್‌ಗೆ 100 ವಾಟ್ ಬಿಸಿಲು ಬಿದ್ದರೆ ಸಾಮಾನ್ಯವಾಗಿ ಒಂದು ಮಿಲಿವೋಲ್ಟಿನ ಆಸುಪಾಸು. ಇಡೀ ಆಕಾಶದಿಂದ ಬರುವ ಬೆಳಕನ್ನು ಈ ಉಪಕರಣ ಒಟ್ಟಾಗಿ ಅಳೆಯುತ್ತದೆ. ಸೂರ್ಯಬಿಂಬದಿಂದ ನೇರವಾಗಿ ಬರುವುದನ್ನಷ್ಟೇ ಅಳೆಯಲು ಕೊಳವೆಯಾಕಾರದ ಪೈರ್‌ಹೀಲಿಯೋಮೀಟರ್ ಬೇಕು. ಚದುರಿದ ಬೆಳಕನ್ನಷ್ಟೇ ಅಳೆಯಲು, ಸೂರ್ಯನಿಗೆ ಅಡ್ಡವಾಗಿ ಸದಾ ನೆರಳು ಹಿಡಿಯುವ ಚಿಕ್ಕ ಚೆಂಡಿನ ಕೆಳಗೆ ಇನ್ನೊಂದು ಪೈರನೋಮೀಟರ್ ಇಡುತ್ತಾರೆ.

ಚಳಿ ಈ ಉಪಕರಣವನ್ನು ಕೆಡಿಸುವುದು ಕಡಿಮೆ. ಕೆಡಿಸುವುದು ಬೇರೆ ನಾಲ್ಕಾರು ಸಂಗತಿಗಳು, ಅವುಗಳಲ್ಲಿ ಮೊದಲನೆಯದು ಮಟ್ಟ. ಡಬ್ಬಿಯ ಪಕ್ಕದಲ್ಲಿ ಗಾರೆ ಕೆಲಸದವರ ರಸಮಟ್ಟದಲ್ಲಿರುವಂಥ ಗಾಳಿಗುಳ್ಳೆಯೊಂದಿರುತ್ತದೆ. ಅದು ನಡುವಿಗೆ ಬರುವವರೆಗೆ ಕೆಳಗಿನ ತಿರುಪುಗಳನ್ನು ಸರಿಪಡಿಸಬೇಕು. ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದಾಗ ಉಪಕರಣ ಅವನ ಕಡೆಗೆ ಒಂದು ಡಿಗ್ರಿ ವಾಲಿದ್ದರೆ ನೇರ ಬಿಸಿಲಿನ ಅಳತೆಯಲ್ಲಿ ಬರುವ ತಪ್ಪು ಶೇಕಡಾ ಒಂದು. ಸೂರ್ಯ 10 ಡಿಗ್ರಿಯಲ್ಲಿದ್ದಾಗ ಅಷ್ಟೇ ವಾಲಿಕೆಯಿಂದ ಬರುವ ತಪ್ಪು ಶೇಕಡಾ ಹತ್ತರ ಸಮೀಪ. ವಿದ್ಯಾರ್ಥಿನಿಯಾದ ತಾವು 11 ಡಿಗ್ರಿಯ ಸೈನ್ ಬೆಲೆಯನ್ನು 10 ಡಿಗ್ರಿಯ ಸೈನ್ ಬೆಲೆಯಿಂದ ಭಾಗಿಸಿ ನೋಡಿಕೊಳ್ಳಬಹುದು. ನಮ್ಮಲ್ಲಿ ಬೆಳಗಿನ ಹಾಗೂ ಸಂಜೆಯ ಒಂದೊಂದು ಗಂಟೆಗೆ ಸೀಮಿತವಾದ ಈ ತೊಂದರೆ ಆರ್ಕ್ಟಿಕ್‌ನಲ್ಲಿ ಇಡೀ ದಿನ, ಇಡೀ ಋತುವಿನದು. ಸಾಲದೆಂಬಂತೆ ಅಲ್ಲಿನ ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣಿದೆ. ಬೇಸಗೆಯಲ್ಲಿ ಅದರ ಮೇಲ್ಪದರ ಕರಗಿ ಸಡಿಲವಾಗುತ್ತದೆ, ಚಳಿಗಾಲದಲ್ಲಿ ಉಬ್ಬುತ್ತದೆ. ಅದರಲ್ಲಿ ನೆಟ್ಟ ಕಂಬ ನೆಟ್ಟಗೆ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ಮಟ್ಟ ನೋಡಿ ಹೋದವರು ಮರುವರ್ಷ ಬಂದು ನೋಡುವಷ್ಟರಲ್ಲಿ ಗುಳ್ಳೆ ಅಂಚಿಗೆ ಸರಿದಿದ್ದರೆ, ನಡುವಿನ ಯಾವ ದಿನದಿಂದ ಅಂಕಿಗಳು ಹದಗೆಟ್ಟವೆಂದು ಹೇಳುವುದು ಕಷ್ಟ.

ಎರಡನೆಯದು ಗಾಜಿನ ಮೇಲೆ ಕೂರುವ ಹಿಮ. ಉದುರುವ ಹಿಮವಾದರೂ ಗಾಳಿಗೆ ಹಾರಿಹೋಗಬಹುದು, ಗಾಜಿಗೆ ಅಂಟಿಕೊಂಡು ಹೆಪ್ಪುಗಟ್ಟುವ ಮಂಜು ಹೋಗುವುದಿಲ್ಲ. ಅದು ಅಳತೆಯನ್ನು ಯಾವಾಗಲೂ ತಗ್ಗಿಸುತ್ತದೆ ಎಂದುಕೊಳ್ಳಬೇಡಿ. ಗುಮ್ಮಟದ ಒಂದು ಬದಿಯ ಹರಳುಗಳು ತಗ್ಗಿನ ಸೂರ್ಯನ ಬೆಳಕನ್ನು ಒಳಕ್ಕೆ ಚದುರಿಸಿ ಅಂಕಿಯನ್ನು ಏರಿಸುವುದೂ ಉಂಟು. ಆದ್ದರಿಂದಲೇ ದತ್ತಾಂಶವನ್ನು ನೋಡಿ ಮಾತ್ರ ಇದನ್ನು ಪತ್ತೆಹಚ್ಚುವುದು ಕಷ್ಟ. ಈ ಸಮಸ್ಯೆಯನ್ನೇ ಹಿಡಿದು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ನೇತೃತ್ವದಲ್ಲಿ ಅಲಾಸ್ಕಾದ ಉಟ್ಕಿಯಾಗ್ವಿಕ್‌ನಲ್ಲಿ 2017ರ ಆಗಸ್ಟಿನಿಂದ 2018ರ ಜುಲೈವರೆಗೆ ‘ಡಿ-ಐಸ್’ ಎಂಬ ಪ್ರಯೋಗ ನಡೆಯಿತು. ಹಿಂದೆ ಬ್ಯಾರೋ ಎಂದು ಕರೆಯುತ್ತಿದ್ದ ಊರು ಅದು. 20 ಪೈರನೋಮೀಟರ್‌ಗಳನ್ನೂ, ಶಾಖ ವಿಕಿರಣ ಅಳೆಯುವ 5 ಪೈರ್ಜಿಯೋಮೀಟರ್‌ಗಳನ್ನೂ ಬೇರೆ ಬೇರೆ ವಿನ್ಯಾಸದ ಫ್ಯಾನು ಮತ್ತು ಹೀಟರ್‌ಗಳ ಕವಚದಲ್ಲಿ ಕೂರಿಸಿ, ಪ್ರತಿಯೊಂದು ಗುಮ್ಮಟದ ಕಡೆಗೂ ಕ್ಯಾಮರಾ ತಿರುಗಿಸಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳು ಸಂಗ್ರಹವಾದವು. ಹಿಮ ಕಟ್ಟುವ ಪರಿಸ್ಥಿತಿಯಿದ್ದ ಸಮಯದ ಸರಾಸರಿ ಶೇಕಡಾ 77ರಷ್ಟು ಅವಧಿಯಲ್ಲಿ ಈ ವ್ಯವಸ್ಥೆಗಳು ಗಾಜನ್ನು ಕಾಪಾಡಿದವು, ಹಲವು ಶೇಕಡಾ 90ನ್ನೂ ದಾಟಿದವು.

ಇದರಲ್ಲಿ ನಮಗೆ ತುಂಬ ಹಿಡಿಸಿದ ಸಂಗತಿಯೆಂದರೆ, ಹೀಟರೇ ಇಲ್ಲದೆ ಬರೀ ಫ್ಯಾನು ಇದ್ದ ಕವಚಗಳೂ ಚೆನ್ನಾಗಿಯೇ ಕೆಲಸ ಮಾಡಿದ್ದು. ಫ್ಯಾನಿನ ಮೋಟಾರು ಹೊರಹಾಕುವ ಶಾಖ ಮತ್ತು ಗಾಳಿ ಒತ್ತಲ್ಪಡುವಾಗ ಹುಟ್ಟುವ ಶಾಖ ಸೇರಿ ಸುಮಾರು 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಒದಗುತ್ತದೆ. ಗುಮ್ಮಟದ ಸುತ್ತಲಿನ ಗಾಳಿಯಿಂದ ತೇವ ಹರಳುಗಟ್ಟದಂತೆ ತಡೆಯಲು ಎಷ್ಟೋ ಸಲ ಅಷ್ಟೇ ಸಾಕು. ಕರೆಂಟನ್ನೇ ಉಳಿಸಲು ಹೊರಟ ಊರಿನಲ್ಲಿ ಅಳತೆಯ ಉಪಕರಣಕ್ಕೆ ಹಗಲಿರುಳು ಹೀಟರ್ ಉರಿಸುವ ಪ್ರಮೇಯ ತಪ್ಪಿದರೆ ಅದು ಸಣ್ಣ ಲಾಭವಲ್ಲ.

ಮೂರನೆಯದು ಕಣ್ಣಿಗೆ ಕಾಣದ ತಪ್ಪು. ತಿಳಿಯಾದ, ಒಣ ಆಕಾಶದ ಕೆಳಗೆ ಗಾಜಿನ ಗುಮ್ಮಟ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಒಳಗಿನ ಬಿಲ್ಲೆಗಿಂತ ತಣ್ಣಗಾಗುತ್ತದೆ. ಆಗ ಬಿಲ್ಲೆಯೂ ತುಸು ಶಾಖ ಕಳೆದುಕೊಂಡು ಉಪಕರಣವು ಕತ್ತಲಲ್ಲಿ ಸೊನ್ನೆಯ ಬದಲು ಋಣ ಸಂಖ್ಯೆ ತೋರಿಸುತ್ತದೆ. ಚದರ ಮೀಟರ್‌ಗೆ ಕೆಲವೇ ವಾಟ್‌ಗಳ ತಪ್ಪು ಇದು. ಚಿತ್ರದುರ್ಗದ ಮಧ್ಯಾಹ್ನದ 900 ವಾಟ್‌ನಲ್ಲಿ 5 ವಾಟ್ ಹೆಚ್ಚುಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಫೆಬ್ರುವರಿ ಕೊನೆಯ ಆರ್ಕ್ಟಿಕ್ ಹಗಲಿನ 50 ವಾಟ್‌ನಲ್ಲಿ ಅದೇ 5 ವಾಟ್ ಎಂದರೆ ಹತ್ತನೇ ಒಂದು ಭಾಗ. ಇರುಳಿನಲ್ಲಿ ಉಪಕರಣ ತೋರಿಸುವ ಋಣ ಸಂಖ್ಯೆಯನ್ನು ನೋಡಿ ತಿದ್ದುಪಡಿ ಮಾಡುವುದು ವಾಡಿಕೆ, ಆದರೆ ಇರುಳೇ ಇಲ್ಲದ ಬೇಸಗೆಯಲ್ಲಿ ಅದಕ್ಕೂ ಅವಕಾಶವಿಲ್ಲ.

ಇನ್ನುಳಿದವು ಬೇಗ ಹೇಳಿ ಮುಗಿಸಬಹುದಾದವು. ಸೂರ್ಯನನ್ನು ಹಿಂಬಾಲಿಸುವ ಯಂತ್ರ ನಮ್ಮಲ್ಲಿ ಸಂಜೆಯಾದ ಮೇಲೆ ಹಿಂದಕ್ಕೆ ತಿರುಗಿ ವಿಶ್ರಮಿಸುತ್ತದೆ, ಅಲ್ಲಿ ದಿನಕ್ಕೊಂದು ಪೂರ್ತಿ ಸುತ್ತು ಹಾಕುವುದರಿಂದ ತಂತಿಗಳು ಸುತ್ತಿಕೊಳ್ಳದಂತೆ ಬಿಚ್ಚುವ ಏರ್ಪಾಡು ಬೇಕು. ದಿಕ್ಕು ಗೊತ್ತುಮಾಡಲು ದಿಕ್ಸೂಚಿಯನ್ನು ನೆಚ್ಚುವಂತಿಲ್ಲ. ಕಾಂತಧ್ರುವಕ್ಕೆ ಹತ್ತಿರವಾದಷ್ಟೂ ಅದು ನಿಜವಾದ ಉತ್ತರದಿಂದ ಬಹಳ ಸರಿದು ನಿಲ್ಲುತ್ತದೆ. ಗಡಿಯಾರವೂ ದಾರಿತಪ್ಪಿಸುತ್ತದೆ. ಉಟ್ಕಿಯಾಗ್ವಿಕ್‌ನಲ್ಲಿ ಬೇಸಗೆಯ ಸೂರ್ಯ ದಿನದ ಅತಿ ಎತ್ತರಕ್ಕೇರುವುದು ಗಡಿಯಾರದ ಪ್ರಕಾರ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ಹಾಗಾಗಿ ದಾಖಲೆಗಳನ್ನು ಜಾಗತಿಕ ಪ್ರಮಾಣವೇಳೆಯಲ್ಲೇ ಇಡುವುದು ಕ್ಷೇಮ. ಹಿಮ ಎಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆಂದು ತಿಳಿಯಲು ಕೆಳಮುಖವಾಗಿ ಇನ್ನೊಂದು ಪೈರನೋಮೀಟರ್ ಕಟ್ಟುತ್ತಾರೆ. ಅದನ್ನು ಒರೆಸಲು ಹೋದವರು ಅದರ ಅಡಿಯಲ್ಲೇ ನಡೆದು ಹೆಜ್ಜೆಗುರುತು ಮೂಡಿಸಿದರೆ ಅಳೆಯಬೇಕಾದ ಹಿಮವೇ ಬದಲಾಗಿಬಿಡುತ್ತದೆ, ಆದ್ದರಿಂದ ಬಳಸು ದಾರಿಯಲ್ಲಿ ಹೋಗಿ ಪಕ್ಕದಿಂದ ಕೈಚಾಚಬೇಕು.

ಪ್ರಶ್ನೆ: ನಾವು ಶಾಲೆಯಲ್ಲಿದ್ದಾಗ ಹವಾಮಾನ ಕೇಂದ್ರದಲ್ಲಿ ಗಾಜಿನ ಗುಂಡು ಬಿಸಿಲನ್ನು ಕೇಂದ್ರೀಕರಿಸಿ ಕಾಗದದ ಪಟ್ಟಿಯನ್ನು ಸುಡುವುದನ್ನು ನೋಡಿದ್ದೆವು. ಆ ಉಪಕರಣ ಅಲ್ಲಿ ನಡೆಯುವುದಿಲ್ಲವೆ?
– ನಿವೃತ್ತ ಶಿಕ್ಷಕರು, ಬೆಳಗಾವಿ

ಉತ್ತರ: ತಾವು ನೋಡಿದ್ದು ಕ್ಯಾಂಪ್‌ಬೆಲ್-ಸ್ಟೋಕ್ಸ್ ಬಿಸಿಲು ದಾಖಲೆಯ ಉಪಕರಣ. ಅಲ್ಲಿಯೂ ನಡೆಯುತ್ತದೆ, ಆದರೆ ಒಂದು ಗುಂಡು ಸಾಲದು. ಕಾಗದದ ಪಟ್ಟಿ ಹಿಡಿಯುವ ಬಟ್ಟಲು ಗುಂಡಿನ ಒಂದು ಪಕ್ಕಕ್ಕಿದ್ದು, ಆ ಪಕ್ಕದಿಂದ ಬರುವ ಬಿಸಿಲಿಗೆ ಅಡ್ಡವಾಗುತ್ತದೆ. ನಡುರಾತ್ರಿಯಲ್ಲಿ ಉತ್ತರದಿಂದಲೂ ಬಿಸಿಲು ಬೀಳುವುದರಿಂದ ಎರಡು ಉಪಕರಣಗಳನ್ನು ಬೆನ್ನಿಗೆ ಬೆನ್ನು ಮಾಡಿ ಇಡುತ್ತಾರೆ. ಆದರೂ ಅದು ಹೇಳುವುದು ಬಿಸಿಲು ಎಷ್ಟು ಹೊತ್ತು ಇತ್ತು ಎಂಬುದನ್ನು. ಎಷ್ಟು ಶಕ್ತಿ ಬಂತು ಎಂಬುದನ್ನಲ್ಲ. ಚದರ ಮೀಟರ್‌ಗೆ 120 ವಾಟ್ ನೇರ ಬಿಸಿಲಿದ್ದರೆ ಅದನ್ನು ‘ಬಿಸಿಲಿನ ಹೊತ್ತು’ ಎಂದು ಈಗ ಪರಿಗಣಿಸಲಾಗುತ್ತದೆ, 800 ವಾಟ್ ಇದ್ದರೂ ಲೆಕ್ಕ ಅದೇ. ವಿದ್ಯುತ್ ಯೋಜನೆಗೆ ಇಷ್ಟು ಸಾಲುವುದಿಲ್ಲ.

ಪ್ರಶ್ನೆ: ಅಷ್ಟು ಚಳಿಯಲ್ಲಿ ಸೌರ ಫಲಕ ಒಡೆಯುವುದಿಲ್ಲವೆ? ಫಲಕವನ್ನು ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಇಡುತ್ತಾರೆ?
– ಕೃಷಿಕರು, ಹೊಸದುರ್ಗ

ಉತ್ತರ: ಚಳಿ ಫಲಕಕ್ಕೆ ಮಿತ್ರನೇ ಸರಿ. ಸಿಲಿಕಾನ್ ಫಲಕದ ಉತ್ಪಾದನೆ ಪ್ರತಿ ಡಿಗ್ರಿ ಸೆಲ್ಸಿಯಸ್ ಬಿಸಿಗೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ, ತಣ್ಣಗಾದಂತೆ ಅಷ್ಟೇ ಏರುತ್ತದೆ. ತಮ್ಮ ತೋಟದ ಪಂಪ್‌ಸೆಟ್ಟಿನ ಫಲಕ ಏಪ್ರಿಲ್ ಬಿಸಿಲಿನಲ್ಲಿ ಕಾದು ಕಳೆದುಕೊಳ್ಳುವುದನ್ನು ಅಲ್ಲಿನ ಫಲಕ ಅದೇ ತಿಂಗಳಲ್ಲಿ ಗಳಿಸಿಕೊಳ್ಳುತ್ತದೆ. ಆದರೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಬೆಳಗಿನಲ್ಲಿ ಮೊದಲ ಬಿಸಿಲು ಬಿದ್ದಾಗ ಫಲಕದ ವೋಲ್ಟೇಜು ಕಂಪನಿಯ ಚೀಟಿಯಲ್ಲಿ ಬರೆದದ್ದಕ್ಕಿಂತ ಸುಮಾರು ಐದನೇ ಒಂದು ಭಾಗ ಹೆಚ್ಚಿರುತ್ತದೆ; ಅದನ್ನು ಮರೆತು ಸಾಲಿನಲ್ಲಿ ಹೆಚ್ಚು ಫಲಕ ಜೋಡಿಸಿದರೆ ಇನ್ವರ್ಟರ್ ಸುಡಬಹುದು.

ದಿಕ್ಕಿನ ಪ್ರಶ್ನೆ ಸ್ವಾರಸ್ಯಕರ. ಸೂರ್ಯ 10 ಡಿಗ್ರಿ ಎತ್ತರದಲ್ಲಿದ್ದು ನೇರ ಬಿಸಿಲು ಚದರ ಮೀಟರ್‌ಗೆ 500 ವಾಟ್ ಇದೆಯೆಂದಿಟ್ಟುಕೊಳ್ಳಿ. ನೆಲಕ್ಕೆ ಸಮನಾಗಿ ಮಲಗಿಸಿದ ಫಲಕದ ಮೇಲೆ ಬೀಳುವುದು 87 ವಾಟ್, ಗೋಡೆಯಂತೆ ನೆಟ್ಟಗೆ ಸೂರ್ಯನ ಕಡೆಗೆ ನಿಲ್ಲಿಸಿದ ಫಲಕದ ಮೇಲೆ 492 ವಾಟ್. ನೆಟ್ಟಗಿರುವ ಫಲಕದ ಮೇಲೆ ಹಿಮ ನಿಲ್ಲುವುದಿಲ್ಲ ಎಂಬ ಲಾಭ ಬೇರೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ರಿಂದ 90ರಷ್ಟನ್ನು ಮರಳಿಸುವುದರಿಂದ ಎರಡೂ ಮುಖಗಳಲ್ಲಿ ಬೆಳಕು ಹೀರುವ ಫಲಕಗಳಿಗೆ ಆ ಭಾಗದಲ್ಲಿ ವಿಶೇಷ ಬೆಲೆಯುಂಟು. ಅಲಾಸ್ಕಾದ ಕೊಟ್ಜೆಬ್ಯೂ ಊರಿನ ವಿದ್ಯುತ್ ಸಹಕಾರ ಸಂಘ ಅಂಥ ಫಲಕಗಳನ್ನು ಬಳಸಿದೆ. ಓಲ್ಡ್ ಕ್ರೋದಲ್ಲಿ ಫಲಕಗಳನ್ನು ಪೂರ್ವ-ಪಶ್ಚಿಮಾಭಿಮುಖವಾಗಿ ಜೋಡಿಸಿದ್ದಾರೆ. ದಕ್ಷಿಣಕ್ಕೆ ಮುಖ ಮಾಡಿದರೆ ಮಧ್ಯಾಹ್ನ ಒಮ್ಮೆಲೇ ಬಂದು ಬೀಳುವ ಕರೆಂಟು ಈ ಜೋಡಣೆಯಿಂದ ಬೆಳಗಿನಿಂದ ತಡರಾತ್ರಿಯವರೆಗೆ ಹರಡಿಕೊಂಡು ಬರುತ್ತದೆ. ಇವೆಲ್ಲವನ್ನೂ ಕಾಗದದ ಮೇಲೆ ತೂಗಿ ನೋಡಬೇಕಾದರೆ ಸಮತಲದ ಅಳತೆಯೊಂದೇ ಸಾಲದು. ನೇರ ಬಿಸಿಲೆಷ್ಟು, ಚದುರಿದ್ದೆಷ್ಟು, ಹಿಮ ಮರಳಿಸಿದ್ದೆಷ್ಟು ಎಂದು ಬೇರೆ ಬೇರೆ ತಿಳಿದಿರಬೇಕು.

ಇನ್ನೊಂದು ಮಾತು. ಅತಿ ಹೆಚ್ಚು ಉತ್ಪಾದನೆ ಜುಲೈನಲ್ಲಿ ಎಂದು ಊಹಿಸುವವರಿಗೆ ಅಲ್ಲಿನ ದಾಖಲೆಗಳು ಅಚ್ಚರಿ ಕೊಡುತ್ತವೆ. ಸಮುದ್ರದ ಹಿಮಗಡ್ಡೆ ಕರಗತೊಡಗಿದ ಮೇಲೆ ಕರಾವಳಿಯ ಊರುಗಳನ್ನು ತಗ್ಗುಮೋಡ ಮತ್ತು ಮಂಜು ದಿನಗಟ್ಟಲೆ ಮುಚ್ಚಿಕೊಳ್ಳುತ್ತವೆ. ತಿಳಿ ಆಕಾಶ, ಚಳಿ, ಕಾಲಡಿಯಲ್ಲಿ ಬಿಳಿ ಹಿಮ, ಉದ್ದದ ಹಗಲು ಈ ನಾಲ್ಕೂ ಕೂಡಿಬರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಒಳನಾಡಿನ ಕಥೆ ಬೇರೆ, ಅಲ್ಲಿ ಬೇಸಗೆ ಚೆನ್ನಾಗಿ ಕಾಯುವುದೂ ಉಂಟು: ರಷ್ಯಾದ ಯಾಕುಟಿಯಾದಲ್ಲಿ 2015ರಲ್ಲಿ ಒಂದು ಮೆಗಾವಾಟ್ ಸೌರ ಸ್ಥಾವರ ಆರಂಭವಾದ ಬಟಗಾಯ್ ಊರಿಗೆ ಸಮೀಪದ ವೆರ್ಖೋಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಪ್ರಶ್ನೆ: ಅಳತೆಯಾದ ಮೇಲೆ ಊರಿನವರಿಗೆ ನಿಜವಾಗಿ ಆಗುವ ಪ್ರಯೋಜನವೇನು? ಚಳಿಗಾಲದ ಕತೆಯೇನು?
– ಗೃಹಿಣಿ, ಪುತ್ತೂರು

ಉತ್ತರ: ಓಲ್ಡ್ ಕ್ರೋವನ್ನೇ ನೋಡೋಣ. ವುಂಟುಟ್ ಗ್ವಿಚಿನ್ ಮೂಲನಿವಾಸಿ ಜನರ ಆ ಊರಿನಲ್ಲಿ 2,160 ಫಲಕಗಳಿವೆ, ಒಟ್ಟು ಸಾಮರ್ಥ್ಯ 940 ಕಿಲೋವಾಟ್. ಜೊತೆಗೆ 616 ಕಿಲೋವಾಟ್ ಗಂಟೆಯ ಬ್ಯಾಟರಿ. ಸ್ಥಾವರ ಊರಿನ ಆಡಳಿತದ್ದೇ. ವಿದ್ಯುತ್ ಕಂಪನಿ ಅವರಿಂದ 25 ವರ್ಷಗಳ ಒಪ್ಪಂದದ ಮೇಲೆ ಕರೆಂಟು ಕೊಳ್ಳುತ್ತದೆ. ವರ್ಷಕ್ಕೆ ಸುಮಾರು 1,89,000 ಲೀಟರ್ ಡೀಸೆಲ್ ಉಳಿಯಬೇಕೆಂಬುದು ಯೋಜನೆಯ ಲೆಕ್ಕ. ಬೇಸಗೆಯಲ್ಲಿ ಕೆಲವು ಹೊತ್ತು ಜನರೇಟರ್‌ಗಳನ್ನು ಪೂರ್ತಿ ನಿಲ್ಲಿಸಿ ಊರು ನಡೆಯುತ್ತದೆ. ವರ್ಷವೆಲ್ಲ ಎಂಜಿನ್ನಿನ ಸದ್ದು ಕೇಳಿ ಬೆಳೆದವರಿಗೆ ಆ ಗಂಟೆಗಳು ಹೇಗಿರಬಹುದೆಂದು ಊಹಿಸಿಕೊಳ್ಳಬಹುದು.

ಇಲ್ಲಿ ದಿನದ ಸರಾಸರಿ ಅಳತೆ ಉಪಯೋಗಕ್ಕೆ ಬರುವುದಿಲ್ಲ, ನಿಮಿಷ ನಿಮಿಷದ ಅಳತೆ ಬೇಕು. ಡೀಸೆಲ್ ಜನರೇಟರನ್ನು ಅದರ ಸಾಮರ್ಥ್ಯದ ಸುಮಾರು ಶೇಕಡಾ 30ಕ್ಕಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿಸಿದರೆ ಎಣ್ಣೆ ಸರಿಯಾಗಿ ಉರಿಯದೆ ಎಂಜಿನ್ ಹಾಳಾಗುತ್ತದೆ. ಬಿಸಿಲು ಹೆಚ್ಚಾದಾಗ ಅದನ್ನು ಒಂದೋ ನಿಲ್ಲಿಸಬೇಕು, ಇಲ್ಲವೇ ಬಿಸಿಲಿನ ಕರೆಂಟನ್ನು ಬಿಟ್ಟುಬಿಡಬೇಕು. ನಿಲ್ಲಿಸಿದ ಮೇಲೆ ದಟ್ಟ ಮೋಡವೊಂದು ಬಂದರೆ ಜನರೇಟರ್ ಮತ್ತೆ ಚಾಲೂ ಆಗಿ ಹೊರೆ ಹೊರುವವರೆಗಿನ ಕೆಲವು ನಿಮಿಷಗಳನ್ನು ಬ್ಯಾಟರಿ ನಿಭಾಯಿಸಬೇಕು. ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದು, ಆ ಊರಿನ ಮೇಲೆ ಮೋಡಗಳು ಎಷ್ಟು ಬೇಗ, ಎಷ್ಟು ಸಲ ಹಾಯುತ್ತವೆ ಎಂಬುದರ ಮೇಲೆ ನಿಂತಿದೆ. ಅದನ್ನು ಯಾವ ಉಪಗ್ರಹವೂ ಅಲ್ಲಿಗೆ ಹೇಳಿಕೊಡುವುದಿಲ್ಲ.

ಚಳಿಗಾಲಕ್ಕೆ ಸೌರ ವಿದ್ಯುತ್ತಿನಲ್ಲಿ ಉತ್ತರವಿಲ್ಲ, ಇದೆಯೆಂದು ಹೇಳುವುದು ಸರಿಯೂ ಅಲ್ಲ. ಊರಿಗೆ ಅತಿ ಹೆಚ್ಚು ಕರೆಂಟು ಬೇಕಾಗುವ ತಿಂಗಳುಗಳಲ್ಲೇ ಪೈರನೋಮೀಟರ್ ಸೊನ್ನೆ ತೋರಿಸುತ್ತದೆ. ಬೇಸಗೆಯ ಶಕ್ತಿಯನ್ನು ಡಿಸೆಂಬರಿಗೆ ಕೂಡಿಡುವಷ್ಟು ಬ್ಯಾಟರಿ ಅಷ್ಟು ಸಣ್ಣ ಊರಿಗೆ ಎಟುಕುವ ಮಾತಲ್ಲ. ಗಾಳಿಯಿರುವ ಕಡೆ ಗಾಳಿಯಂತ್ರಗಳು ಆ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಕೊಟ್ಜೆಬ್ಯೂದಲ್ಲಿ ಅವು 1997ರಿಂದಲೇ ಇವೆ. ಉಳಿದದ್ದು ಸದ್ಯಕ್ಕೆ ಡೀಸೆಲ್ಲೇ.

ಪ್ರಶ್ನೆ: ಈ ಅಳತೆಯಲ್ಲಿ ಭಾರತದವರ ಪಾತ್ರವೇನಾದರೂ ಇದೆಯೆ? ಕರ್ನಾಟಕದ ವಿದ್ಯಾರ್ಥಿಗಳು ಅಲ್ಲಿಗೆ ಹೋಗಬಹುದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನಿ-ಓಲೆಸುಂಡ್‌ನಲ್ಲಿ 2008ರ ಜುಲೈ 1ರಂದು ಆರಂಭವಾದ ‘ಹಿಮಾದ್ರಿ’ ಭಾರತದ ಆರ್ಕ್ಟಿಕ್ ಸಂಶೋಧನಾ ಕೇಂದ್ರ. ಸುಮಾರು 79 ಡಿಗ್ರಿ ಉತ್ತರದಲ್ಲಿರುವ ಆ ನೆಲೆಯಲ್ಲೇ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ 1992ರಿಂದ ನಿಮಿಷ ನಿಮಿಷದ ಸೌರ ವಿಕಿರಣವನ್ನು ದಾಖಲಿಸುತ್ತ ಬಂದಿದೆ. ಅದು ನೆಲಮಟ್ಟದ ವಿಕಿರಣವನ್ನು ಅಳೆಯುವ ‘ಬಿಎಸ್‌ಆರ್‌ಎನ್’ ಎಂಬ ಜಾಗತಿಕ ಜಾಲದ ಕೇಂದ್ರ. ಆರ್ಕ್ಟಿಕ್‌ನಲ್ಲಿ ಈ ಜಾಲಕ್ಕೆ ಸೇರಿದ ಉಟ್ಕಿಯಾಗ್ವಿಕ್, ಕೆನಡಾದ ಅಲರ್ಟ್, ರಷ್ಯಾದ ಟಿಕ್ಸಿಯಂಥ ನೆಲೆಗಳನ್ನು ಬೆರಳಲ್ಲಿ ಎಣಿಸಬಹುದು. ಅಷ್ಟು ವಿಶಾಲವಾದ ಭೂಭಾಗದ ಉಪಗ್ರಹ ಲೆಕ್ಕಗಳೆಲ್ಲ ಈ ಕೆಲವೇ ನೆಲೆಗಳ ಅಂಕಿಗಳನ್ನು ಒರೆಗಲ್ಲಾಗಿ ಇಟ್ಟುಕೊಂಡಿವೆ.

2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ಯಾತ್ರೆ ಹಿಮಾದ್ರಿಗೆ ಹೊರಟಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಭಾಗಿಯಾಗಿತ್ತು. ಅವರ ವಿಷಯ ಬಿಸಿಲಲ್ಲ, ರೇಡಿಯೋ ಖಗೋಳವಿಜ್ಞಾನ. ಈ ಯಾತ್ರೆಗಳನ್ನು ನಡೆಸುವುದು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅದು ಸಂಶೋಧನಾ ಪ್ರಸ್ತಾವಗಳನ್ನು ಆಹ್ವಾನಿಸುತ್ತದೆ. ಒಬ್ಬಂಟಿಯಾಗಿ ಅರ್ಜಿ ಹಾಕುವುದಕ್ಕಿಂತ, ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯೊಂದರ ಮಾರ್ಗದರ್ಶಕರ ಯೋಜನೆಯೊಳಗೆ ಸೇರಿಕೊಂಡು ಹೋಗುವುದೇ ನಡೆಯುವ ದಾರಿ. ಅದಕ್ಕೆ ಮೊದಲು ಕೈಪಳಗಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಭಾರತ ಹವಾಮಾನ ಇಲಾಖೆ 1957ರಿಂದ ವಿಕಿರಣ ಅಳತೆಯ ಜಾಲವನ್ನು ನಡೆಸುತ್ತಿದೆ, ಅದರ ಉಪಕರಣಗಳ ಮಾಪನ ಹೊಂದಿಸುವ ಕೆಲಸ ಪುಣೆಯಲ್ಲಿ ನಡೆಯುತ್ತದೆ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯೂ ದೇಶದ ಹಲವೆಡೆ ಸೌರ ವಿಕಿರಣ ಕೇಂದ್ರಗಳನ್ನು ಸ್ಥಾಪಿಸಿದೆ. ಪುಣೆಯ ಉಪಕರಣವಾಗಲಿ ನಿ-ಓಲೆಸುಂಡ್‌ನದಾಗಲಿ, ಅಂತಿಮವಾಗಿ ಹೋಲಿಕೆಗೆ ನಿಲ್ಲುವುದು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ವಿಶ್ವ ವಿಕಿರಣ ಕೇಂದ್ರದ ಪ್ರಮಾಣ ಉಪಕರಣಗಳ ಮುಂದೆ. ಐದು ವರ್ಷಕ್ಕೊಮ್ಮೆ ನಾನಾ ದೇಶಗಳವರು ತಮ್ಮ ಪೈರ್‌ಹೀಲಿಯೋಮೀಟರ್‌ಗಳನ್ನು ಹೊತ್ತುಕೊಂಡು ಅಲ್ಲಿಗೆ ಹೋಗಿ, ಒಂದೇ ಸೂರ್ಯನ ಕೆಳಗೆ ಸಾಲಾಗಿ ಇಟ್ಟು ತಾಳೆ ನೋಡಿಕೊಂಡು ಬರುತ್ತಾರೆ.